ಹಸಿರು ಬಳಿದ ಕೆಂಪು ನಟ್ಟುಗಳು

ಸೋಮವಾರ, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ನಾನು ನಿಂತಿದ್ದದ್ದು ಪಲ್ಲಡಂನಿಂದ ಧಾರಾಪುರಂಗೆ ಹೋಗುವ ರಸ್ತೆಯ ಎಡಬದಿಯಲ್ಲಿ, ಕುಂಡಡಂ ದಾಟಿದ ಮೇಲೆ ಸಿಗುವ ಒಂದು ಟೈರ್ ಅಂಗಡಿಯ ಮುಂದೆ. ಸೈನ್ಯದ ಹಳೆಯ ಒಂದು ಟನ್ ಟ್ರಕ್ಕಿನ ಹಿಂದಿನ ಎಡ ಚಕ್ರದಿಂದ ನನಗೆ ನಾಲ್ಕು ಹೆಜ್ಜೆ. ಆಮೇಲೊಂದು ದಿನ ಹೋಗಿ ಟೇಪು ಹಿಡಿದು ಅಳೆದಿದ್ದೇನೆ, ಹತ್ತು ಅಡಿ ಮೂರು ಅಂಗುಲ. ಬಲಗೈಯಲ್ಲಿ ಟೀ ಲೋಟವಿತ್ತು. ಬೇವಿನ ಮರದ ನೆರಳು ನನ್ನ ಮೇಲೆ ಬಿದ್ದಿತ್ತು, ಚಕ್ರದ ಮೇಲೆ ಬಿಸಿಲಿತ್ತು. ಸರಿಯಾಗಿ ಕಾಣಲಿಲ್ಲ ಎಂದು ನಾನು ಹೇಳುವಂತಿಲ್ಲ.

ಅಲ್ಲಿ ನಡೆದದ್ದರ ಬಗ್ಗೆ ಒಂದು ಕಾಗದ ಈಗಾಗಲೇ ಇದೆ. ಠಾಣೆಯಲ್ಲಿ ತಮಿಳಿನಲ್ಲಿ ಬರೆದದ್ದು. ಆರು ಸಾಲು, ಕೆಳಗೆ ನನ್ನ ಸಹಿ. ಅದರ ನಾಲ್ಕನೆಯ ಸಾಲು ಸುಳ್ಳು. ಅದನ್ನು ನಾನು ಒಪ್ಪುವುದಿಲ್ಲ ಎಂದು ಹೇಳಲು ಇದನ್ನು ಬರೆಯುತ್ತಿದ್ದೇನೆ. ನಮ್ಮದು ನೇಯ್ಗೆಯವರ ಮನೆ, ಮನೆಮಾತು ಕನ್ನಡ. ಆದರೆ ನಮ್ಮವರಲ್ಲಿ ಕನ್ನಡ ಅಕ್ಷರ ಓದಬಲ್ಲವರು ಕಡಿಮೆ. ನಾನು ಹುಡುಗನಾಗಿದ್ದಾಗ ಮೈಸೂರಿನ ಒಂದು ಗ್ಯಾರೇಜಿನಲ್ಲಿ ನಾಲ್ಕು ವರ್ಷ ಕೆಲಸ ಕಲಿತೆ, ಅಲ್ಲೇ ಅಕ್ಷರವನ್ನೂ ಕಲಿತೆ. ಠಾಣೆಯ ಕಾಗದವನ್ನು ಬೇರೆಯವರು ಬರೆದರು. ಇದನ್ನು ನಾನೇ ಬರೆಯುತ್ತೇನೆ.

ಟ್ರಕ್ಕು ಕೊಯಮತ್ತೂರು ಪಕ್ಕದ ತುಡಿಯಲೂರಿನ ನನ್ನ ವರ್ಕ್‌ಶಾಪಿಗೆ ಬಂದದ್ದು ಅದಕ್ಕೆ ಹದಿನಾಲ್ಕು ತಿಂಗಳು ಮೊದಲು, ಇನ್ನೊಂದು ಲಾರಿಯ ಬೆನ್ನ ಮೇಲೆ. ಸೈನ್ಯ ಹರಾಜು ಹಾಕಿದ ಮೇಲೆ ಮೂರು ಕೈ ಬದಲಾಗಿತ್ತು. ತಂದವರು ಧಾರಾಪುರಂ ಕಡೆ ತೋಟವಿದ್ದು ಈಗ ಪಂಪ್‌ಸೆಟ್ ವ್ಯಾಪಾರ ಮಾಡುವವರು. ಅವರ ಮನೆಮಾತೂ ಕನ್ನಡ. ಅವರನ್ನು ಮಾಲೀಕರು ಎಂದು ಕರೆಯುತ್ತೇನೆ. ಅವರ ತಂದೆ ಸೈನ್ಯದಲ್ಲಿ ಡ್ರೈವರ್ ಆಗಿದ್ದವರು, ಇಂಥದೇ ಟ್ರಕ್ಕನ್ನು ಹನ್ನೊಂದು ವರ್ಷ ಓಡಿಸಿದವರು. ಆ ದಿನ ಅವರೂ ಬಂದಿದ್ದರು. ಎರಡು ಕಣ್ಣಿಗೂ ಪೊರೆ ಬಂದು ಮಂಜಾಗಿತ್ತು. ಟ್ರಕ್ಕಿನ ಸುತ್ತ ಕೈಯಾಡಿಸುತ್ತ ಒಂದು ಸುತ್ತು ಬಂದರು, ಬಾನೆಟ್ಟಿನ ಕೊಂಡಿಯನ್ನು ನೋಡದೆಯೇ ತೆಗೆದರು.

ಮಾಲೀಕರು ಒಂದು ಕಪ್ಪುಬಿಳುಪು ಫೋಟೋ ಕೊಟ್ಟರು. ಅದರಲ್ಲಿ ತಂದೆ ಯುವಕ, ಟ್ರಕ್ಕಿನ ಪಕ್ಕ ಎದೆ ಸೆಟೆಸಿ ನಿಂತಿದ್ದಾರೆ.

"ಅಣ್ಣಾ, ಕಾಣಾದೆಲ್ಲ ಈ ಪಟ್ದಲ್ಲಿ ಇರ್ದಂಗೇ ಇರ್ಬೇಕು. ಕಾಣ್ದೇ ಇರಾದು ನಿಮ್ಮಿಷ್ಟ" ಎಂದರು ಮಾಲೀಕರು. "ಪೀಳಮೇಡು ಕಾಲೇಜ್ ಮೈದಾನ್ದಲ್ಲಿ ಹಳೇ ವಂಡಿಗಳ ಪ್ರದರ್ಶನ ಮಾಡ್ತಾರಲ್ಲ, ಅಲ್ಲಿಗೆ ತಕ್ಕೊಂಡೋಗ್ಬೇಕು."

ತಂದೆ ಸೇರಿಸಿದರು: "ಪ್ರದರ್ಶನ ಒಂದಿನ. ಮಿಕ್ದಿನ ಓಡ್ಬೇಕಲ್ಲ ಮೇಸ್ತ್ರೀ. ನಿಂತ್ಕಂಡೇ ಇದ್ರೆ ಅದು ವಂಡಿ ಅಲ್ಲ, ಸಾಮಿ ಸಿಲೆ."

ಹೀಗೆ ನನಗೆ ಎರಡು ಅಪ್ಪಣೆ ಸಿಕ್ಕವು. ಹೊರಗೆ ಹಳೆಯದು. ಒಳಗೆ, ಧಾರಾಪುರಂ ಆಚೆ ಯಾವ ಹಳ್ಳಿಯಲ್ಲಿ ಕೆಟ್ಟು ನಿಂತರೂ ಅಲ್ಲಿನ ಮೆಕ್ಯಾನಿಕ್ ತನ್ನಲ್ಲಿರುವ ಸ್ಪ್ಯಾನರಿನಿಂದ ಸರಿ ಮಾಡುವಂತಿರಬೇಕು. ಎರಡನೆಯದನ್ನು ನಾನು ಮನಸ್ಸಿಟ್ಟು ಮಾಡಿದೆ. ಸೈನ್ಯದ ವೈರಿಂಗಿನಲ್ಲಿ ಎಲ್ಲ ತಂತಿಯೂ ಒಂದೇ ಬಣ್ಣ, ತುದಿಯಲ್ಲಿ ನಂಬರಿನ ತಗಡು. ತಗಡು ಬಿದ್ದುಹೋದರೆ ಯಾವುದು ಯಾವುದೆಂದು ದೇವರಿಗೇ ಗೊತ್ತು. ಎಲ್ಲವನ್ನೂ ಕಿತ್ತು ಬಣ್ಣದ ತಂತಿ ಹಾಕಿದೆ. ಇಪ್ಪತ್ನಾಲ್ಕು ವೋಲ್ಟನ್ನು ಹನ್ನೆರಡಕ್ಕೆ ಇಳಿಸಿದೆ, ಈಗ ಯಾವ ಅಂಗಡಿಯ ಬ್ಯಾಟರಿಯಾದರೂ ಕೂರುತ್ತದೆ. ಆಯಿಲ್ ಫಿಲ್ಟರು ಡಬ್ಬಿಯೊಳಗೆ ಬಟ್ಟೆ ತುಂಬಿದ್ದು. ಅದರ ಬದಲು ತಿರುಗಿಸಿ ಕೂರಿಸುವ ಫಿಲ್ಟರಿಗೆ ಒಂದು ಬುಡ ಮಾಡಿಸಿದೆ. ಬ್ರೇಕಿಗೆ ಒಂದೇ ಪೈಪಿನ ದಾರಿಯಿತ್ತು, ಎಲ್ಲಿ ಸೋರಿದರೂ ನಾಲ್ಕೂ ಚಕ್ರಕ್ಕೆ ಬ್ರೇಕಿಲ್ಲ. ಮುಂದಕ್ಕೊಂದು ಹಿಂದಕ್ಕೊಂದು ದಾರಿ ಮಾಡಿದೆ. ಗ್ರೀಸ್ ತುಂಬುವ ಜಾಗಗಳಲ್ಲಿ ಮೂರಕ್ಕೆ ಕೈ ಎಟುಕುತ್ತಿರಲಿಲ್ಲ. ಅವುಗಳಿಂದ ಸಣ್ಣ ಪೈಪು ಹೊರಗೆ ತಂದೆ.

ಚಕ್ರಗಳನ್ನು ಮಾತ್ರ ನಾನು ಬಿಚ್ಚಲಿಲ್ಲ. ಹರಾಜಿಗೆ ಮೊದಲು ಯಾರೋ ಒಳ್ಳೆಯ ಟೈರ್ ಹಾಕಿದ್ದರು, ಗಾಳಿ ನಿಲ್ಲುತ್ತಿತ್ತು. ಲಾರಿ ಚಕ್ರಕ್ಕೆ ಅಂಚಿನಲ್ಲಿ ಲಾಕ್ ರಿಂಗ್ ಇರುತ್ತದೆ, ಗಾಳಿ ತುಂಬುವಾಗ ಅದು ಹಾರಿದರೆ ಆಳು ಉಳಿಯುವುದಿಲ್ಲ. ಅದು ನನಗೆ ಗೊತ್ತು. ಈ ಚಕ್ರದಲ್ಲಿ ರಿಂಗ್ ಕಾಣಲಿಲ್ಲ. ರಿಂಗ್ ಇಲ್ಲದ ಮೇಲೆ ಭಯವೂ ಇಲ್ಲ ಎಂದುಕೊಂಡೆ. ಕಂಡದ್ದು ಎರಡು ಸುತ್ತು ನಟ್ಟು. ಒಳಸುತ್ತಿನಲ್ಲಿ ಆರು ದೊಡ್ಡವು, ಹೊರಸುತ್ತಿನಲ್ಲಿ ಹನ್ನೆರಡು ಚಿಕ್ಕವು. ಆ ಹನ್ನೆರಡರ ಮೇಲೆ ಅಲ್ಲಲ್ಲಿ ಸುಲಿದ ಕೆಂಪು ಬಣ್ಣವಿತ್ತು.

ಪೇಂಟರ್ ಕೇಳಿದರು: "ಮೇಸ್ತ್ರೀ, ಈ ನಟ್ಟೆಲ್ಲ ಕೆಂಪಗೈತಲ್ಲ, ಏನಿದು?"

ನಾನು ಬಗ್ಗಿ ನೋಡಿದೆ. ಪೇಂಟಿಗೆ ಮೊದಲು ಕಬ್ಬಿಣಕ್ಕೆ ರೆಡ್ ಆಕ್ಸೈಡ್ ಬಳಿಯುತ್ತೇವಲ್ಲ, ಅದೇ ಬಣ್ಣ. ಫೋಟೋ ತಂದು ನೋಡಿದೆ. ಕಪ್ಪುಬಿಳುಪು ಫೋಟೋದಲ್ಲಿ ಕೆಂಪಿಗೂ ಹಸಿರಿಗೂ ಭೇದವಿಲ್ಲ. ಚಕ್ರವೂ ನಟ್ಟೂ ಒಂದೇ ಬೂದು. "ರೆಡ್ ಆಕ್ಸೈಡ್ ಉಳಿದಿದೆ, ಮೇಲೆ ಹಸಿರು ಹೊಡಿ" ಎಂದೆ. ಪೇಂಟರ್ ಕೈ ಚೊಕ್ಕ. ಎರಡು ಕೋಟು ಹೊಡೆದರು. ಹದಿನೆಂಟು ನಟ್ಟೂ ಒಂದೇ ತಾಯಿ ಮಕ್ಕಳ ಹಾಗೆ ಕಂಡವು.

ತಂದೆಯವರನ್ನು ಕೇಳಬಹುದಿತ್ತು. ತಿಂಗಳಿಗೊಮ್ಮೆ ಬಂದು ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಕಣ್ಣು ಕಾಣದವರನ್ನು ಬಣ್ಣದ ವಿಷಯ ಏನು ಕೇಳುವುದು ಎಂದು ನಾನು ಕೇಳಲಿಲ್ಲ.

ಆ ಸೋಮವಾರ ಟ್ರಕ್ಕನ್ನು ನಾನೇ ಓಡಿಸಿಕೊಂಡು ಧಾರಾಪುರಂಗೆ ಹೊರಟಿದ್ದೆ, ಮೊದಲ ದೂರದ ಓಟ. ಪಕ್ಕದ ಸೀಟಿನಲ್ಲಿ ತಂದೆ. ಕುಂಡಡಂ ದಾಟಿದ ಮೇಲೆ ಹಿಂಭಾಗ ಎಡಕ್ಕೆ ಎಳೆಯತೊಡಗಿತು. ಟೈರ್ ಅಂಗಡಿ ಕಂಡಿತು, ನಿಲ್ಲಿಸಿದೆ. ಗಾಳಿ ಅಳೆದೆ. ಬೆಳಿಗ್ಗೆ ನಲವತ್ತು ಪೌಂಡ್ ಇದ್ದದ್ದು ಇಪ್ಪತ್ತೆರಡಕ್ಕೆ ಇಳಿದಿತ್ತು. ಮೊಳೆ ಚುಚ್ಚಿತ್ತು.

ಅಂಗಡಿಯವರಿಗೆ ಐವತ್ತರ ಮೇಲೆ. ಪಕ್ಕದಲ್ಲೇ ಅವರ ಹೆಂಡತಿಯ ಟೀ ಅಂಗಡಿ. ಇಪ್ಪತ್ತೆಂಟು ವರ್ಷದಿಂದ ಅದೇ ಬೇವಿನ ಮರದ ಕೆಳಗೆ ಲಾರಿ, ಟ್ರ್ಯಾಕ್ಟರ್, ಎಲ್ಲದರ ಚಕ್ರ ಬಿಚ್ಚಿದವರು. ಜ್ಯಾಕ್ ಕೊಟ್ಟರು, ಆರು ದೊಡ್ಡ ನಟ್ಟು ತೆಗೆದರು. ಚಕ್ರ ಹೊರಗೆ ಬರಲಿಲ್ಲ. ಹೊಸ ಪೇಂಟು ಹಬ್ಬಿಗೂ, ಅಂದರೆ ಚಕ್ರವನ್ನು ಕೂರಿಸುವ ಆಕ್ಸಲಿನ ತುದಿಗೂ, ಚಕ್ರಕ್ಕೂ ನಡುವೆ ಇಳಿದು ಅಂಟಾಗಿ ಕೂತಿತ್ತು. ಎರಡು ಸಲ ಒದ್ದು ನೋಡಿದರು. ಆಮೇಲೆ ಹೊರಸುತ್ತನ್ನು ಬೆರಳಿನಿಂದ ಮುಟ್ಟಿ, ತಿರುಗಿ ನನ್ನನ್ನು ನೋಡಿ ಕೇಳಿದರು. ಅವರ ಮಾತು ತಮಿಳು. ಇದೊಂದನ್ನು ಅವರು ಹೇಳಿದ ಹಾಗೆಯೇ ಬರೆಯುತ್ತೇನೆ.

"ಅಣ್ಣಾ, ಇದೆಯುಂ ಕಳಟ್ಟಣುಂಗಳಾ?" ಇದನ್ನೂ ಬಿಚ್ಚಬೇಕಾ ಎಂದು.

ನಾನು ಹೇಳಿದ್ದು ಒಂದೇ ಮಾತು. "ಕಳಟ್ಟುಂಗ." ಬಿಚ್ಚಿ.

ಆ ಚಕ್ರ ಎರಡು ಭಾಗದ್ದು. ಒಳಭಾಗಕ್ಕೆ ಹೊರಭಾಗವನ್ನು ಹಿಡಿದಿದ್ದದ್ದು ಆ ಹನ್ನೆರಡು ನಟ್ಟು. ನಡುವೆ ಗಾಳಿ ತುಂಬಿದ ಟೈರು. ಅದು ನನಗೂ ತಿಳಿದಿರಲಿಲ್ಲ, ಅವರಿಗೂ ತಿಳಿದಿರಲಿಲ್ಲ. ಎಂಟು ನಟ್ಟು ನೆಲದ ಮೇಲೆ ಬಿದ್ದಿದ್ದವು. ಒಂಬತ್ತನೆಯದಕ್ಕೆ ಸ್ಪ್ಯಾನರ್ ಹಾಕಿ, ಜಗ್ಗಲು ಮೈಯನ್ನು ಎಡಕ್ಕೆ ವಾಲಿಸಿದ್ದರು. ಅದರಿಂದ ತಲೆ ಉಳಿಯಿತು. ಸದ್ದು ಪಟಾಕಿಯ ಹಾಗಿರಲಿಲ್ಲ, ಗೋಡೆ ಬಿದ್ದ ಹಾಗಿತ್ತು. ಹೊರಭಾಗ ನನ್ನ ಬಲಗಡೆಯಿಂದ ಹಾದು ನೀರಿನ ಡ್ರಮ್ಮಿಗೆ ಬಡಿದು ನಿಂತಿತು. ಧೂಳು ಇಳಿದಾಗ ಅವರು ಕೂತೇ ಇದ್ದರು, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು. ಮೊಣಕೈ ಕೆಳಗೆ ಕೈ ಇರಬೇಕಾದ ದಿಕ್ಕಿನಲ್ಲಿರಲಿಲ್ಲ. ನನ್ನ ಲೋಟದಲ್ಲಿ ಟೀ ಹಾಗೇ ಇತ್ತು. ಅವರ ಹೆಂಡತಿ ಒಲೆ ಬಿಟ್ಟು ಬಂದರು, ಕಿರುಚಲಿಲ್ಲ, ಸೆರಗು ಹರಿದು ಕಟ್ಟಿದರು.

ಟೈರ್‌ನವರನ್ನು ಮೀನಿನ ವ್ಯಾನೊಂದಕ್ಕೆ ಹತ್ತಿಸಿದ ಮೇಲೆ, ತಂದೆಯವರು ತಾವೇ ಟ್ರಕ್ಕಿನಿಂದ ಇಳಿದು ಬಂದಿದ್ದಾರೆ ಎಂದು ಗಮನಿಸಿದೆ. ಅವರು ಕೂತು, ನೆಲ ತಡಕಿ ಒಂದು ಚಿಕ್ಕ ನಟ್ಟು ಎತ್ತಿ ಕಣ್ಣಿನ ಹತ್ತಿರಕ್ಕೆ, ಮೂಗು ತಾಗುವಷ್ಟು ಹತ್ತಿರಕ್ಕೆ ಹಿಡಿದರು.

"ಮೇಸ್ತ್ರೀ" ಎಂದರು. "ಕೆಂಪೆಲ್ಲಿ?"

ಆಮೇಲೆ ದಾರಿಯಲ್ಲಿ ಹೇಳಿದರು. ಸೈನ್ಯದಲ್ಲಿ ಆ ಹನ್ನೆರಡಕ್ಕೆ ಕೆಂಪು ಬಳಿಯುವುದೇ ಮುಟ್ಟಬೇಡ ಎನ್ನಲು. ಮುಟ್ಟಲೇಬೇಕಾದರೆ ಮೊದಲು ಟ್ಯೂಬಿನ ವಾಲ್ವ್ ಬಿಚ್ಚಿ ಗಾಳಿಯನ್ನೆಲ್ಲ ಬಿಡಬೇಕು. "ವಾಲ್ವ್ ಅಂಗಿ ಜೋಬಿಗೆ ಬಂದ್ಮೇಲೇ ಕೈ ನಟ್ಟಿಗೆ. ಅವಲ್ದಾರ್ ಬಂದು ಜೋಬು ತಟ್ಟಿ ನೋಡ್ತಿದ್ದ."

ಠಾಣೆಯಲ್ಲಿ ಬರೆಯುವವರು ನನ್ನನ್ನು ಕೇಳಿದ್ದು ಸ್ವಲ್ಪ. ಅವರೇ ಬರೆದು ಓದಿದರು. ನಾಲ್ಕನೆಯ ಸಾಲು: ಟೈರ್ ಅಂಗಡಿಯವರು ಅಜಾಗ್ರತೆಯಿಂದ ತಪ್ಪು ನಟ್ಟುಗಳನ್ನು ಬಿಚ್ಚಿದ್ದರಿಂದ. ಆಸ್ಪತ್ರೆಗೆ ಹೋಗುವ ಅವಸರವಿತ್ತು. ಸಹಿ ಹಾಕಿದೆ. ಅವಸರ ಇತ್ತು ಎಂಬುದು ಕಾರಣವಲ್ಲ, ಇದ್ದದ್ದನ್ನು ಹೇಳಿದೆ ಅಷ್ಟೆ.

ಮೂರನೆಯ ದಿನ ಕೊಯಮತ್ತೂರಿನಲ್ಲಿ ಅವರ ಬಲಗೈಯನ್ನು ಮೊಣಕೈ ಕೆಳಗೆ ತೆಗೆದರು.

ಎರಡು ತಿಂಗಳಾದ ಮೇಲೆ ನಾನು ಅಂಗಡಿಗೆ ಹೋದಾಗ ಟೈರ್‌ನವರು ಒಳಗೆ ಮಲಗಿದ್ದರು. ಕಂಪ್ರೆಸರ್ ಮೇಲೆ ಗೋಣಿ ಹೊದೆಸಿತ್ತು. ಅವರ ಹೆಂಡತಿ ಟೀ ಸೋಸುತ್ತ ಹೇಳಿದರು: "ಕೈ ಹೋದಾಗ ಅವರು ಅಳಲಿಲ್ಲ ಅಣ್ಣಾ. ಈಗ ಊಟ ಬಿಟ್ಟು ಮಲಗಿದಾರೆ. ಕೆಲಸಕ್ಕೆ ಆಳು ಇಟ್ಟು ಪಕ್ಕದಲ್ಲಿ ಕೂತು ಹೇಳಿಕೊಟ್ಟು ಮಾಡಿಸೋಣ ಅಂದೆವು. ಯಾವ ಲಾರಿನೂ ನಿಲ್ಲಿಸಲ್ಲ. ಟೀ ಕುಡೀತಾರೆ, ಚಕ್ರಕ್ಕೆ ಮುಂದಿನ ಅಂಗಡಿಗೆ ಹೋಗ್ತಾರೆ. ಯಾವ ನಟ್ಟು ಬಿಚ್ಚಬೇಕು ಅಂತ ತಿಳಿಯದ ಟೈರ್‌ಕಾರ ಅಂತೆ. ಪೊಲೀಸರ ಕಾಗದದಲ್ಲೇ ಹಂಗಿದೆ ಅಂತೆ."

ಅವರು ನನ್ನ ಮುಖ ನೋಡಲಿಲ್ಲ. ನಾನು "ಕಳಟ್ಟುಂಗ" ಎಂದದ್ದು ಒಲೆಯ ಹತ್ತಿರ ನಿಂತಿದ್ದ ಅವರಿಗೆ ಕೇಳಿಸಿತ್ತು. ಒಂದು ದಿನವೂ ಅದನ್ನು ಎತ್ತಿ ಆಡಿಲ್ಲ.

ಅಲ್ಲಿಂದ ನೇರ ಠಾಣೆಗೆ ಹೋಗಿ ಇನ್ನೊಂದು ಕಾಗದ ಕೊಟ್ಟೆ. ನಟ್ಟಿನ ಬಗ್ಗೆ ನನ್ನನ್ನು ಎರಡು ಸಲ ಕೇಳಿದ್ದರು, ಎರಡು ಸಲವೂ ತಪ್ಪು ಉತ್ತರ ಕೊಟ್ಟವನು ನಾನು ಎಂದು ಬರೆದೆ. ಪೇಂಟರ್ ಕೇಳಿದಾಗ ಒಮ್ಮೆ, ಟೈರ್‌ನವರು ಕೇಳಿದಾಗ ಒಮ್ಮೆ. ಠಾಣೆಯವರು ತೆಗೆದುಕೊಂಡರು, ಹಳೆಯದರ ಹಿಂದೆ ಗುಂಡುಸೂಜಿ ಚುಚ್ಚಿದರು. ಮುಗಿದ ವಿಷಯವನ್ನು ಯಾಕೆ ಕೆದಕುತ್ತೀರಿ ಎಂದರು. ಮುಂದೆ ಏನೂ ಆಗಲಿಲ್ಲ.

ಮಾಲೀಕರು ವರ್ಕ್‌ಶಾಪಿಗೆ ಬಂದರು. ಟ್ರಕ್ಕು ಮತ್ತೆ ನನ್ನ ಶೆಡ್ಡಿನಲ್ಲೇ ನಿಂತಿತ್ತು. ಒಡೆದ ಚಕ್ರದ ಬದಲು ಅಂಥದೇ ಇನ್ನೊಂದನ್ನು ಎಲ್ಲಿಂದಲೋ ಹುಡುಕಿ ತಂದಿದ್ದರು.

"ಅಣ್ಣಾ, ನಟ್ಟಿಗೆ ತಿರ್ಗ ಕೆಂಪು ಬಳ್ದುಬುಡಿ. ಬೇಕಾರೆ ಬೋರ್ಡೂ ಬರ್ಸಿ. ಪ್ರದರ್ಶನಕ್ಕೆ ಇನ್ನು ನಾಕು ತಿಂಗ್ಳೈತೆ."

"ಕೆಂಪು ಇತ್ತು ತಂಬಿ. ನಾನೇ ಮೇಲೆ ಹಸಿರು ಹೊಡೆಸಿದೆ. ನಾಳೆ ಇನ್ನೊಬ್ಬ ಹೊಡೆಸ್ತಾನೆ."

"ಟೈರ್‌ಕಾರ ತಪ್ಪು ಮಾಡಿದ್ರೆ ವಂಡಿ ಏನಣ್ಣಾ ಮಾಡ್ತು?"

"ತಪ್ಪು ಅವರದಲ್ಲ. ಈ ಚಕ್ರ ನನ್ನ ಶೆಡ್ಡಿಂದ ಆಚೆ ಹೋಗಲ್ಲ."

"ಸರಿ, ನಾನು ಬೇರೆ ಶೆಡ್ಡಿಗೆ ತಕ್ಕೊಂಡೋಗ್ತೀನಿ. ಸುಕ್ರವಾರ ಲಾರಿ ಕಳಿಸ್ತೀನಿ."

ಅವರು ಹಾಗೆಯೇ ಮಾಡುತ್ತಾರೆ ಎಂದು ನನಗೆ ಗೊತ್ತಿತ್ತು. ಬೇರೆ ಶೆಡ್ಡಿನಲ್ಲಿ ಹೊಸದಾಗಿ ಕೆಂಪು ಬಳಿಯುತ್ತಾರೆ, ಫೋಟೋ ತೆಗೆಯುತ್ತಾರೆ. ಐದು ವರ್ಷಕ್ಕೆ ಬಣ್ಣ ಸುಲಿಯುತ್ತದೆ. ಯಾವುದೋ ಊರಿನ ಮರದ ಕೆಳಗೆ ಒಬ್ಬರು ಕೂತು ಎರಡು ಸುತ್ತು ನಟ್ಟು ನೋಡುತ್ತಾರೆ. ಕೇಳಿದರೆ ಕೇಳಿದರು, ಇಲ್ಲದಿದ್ದರೆ ಇಲ್ಲ. ಆಮೇಲೆ ಆರು ಸಾಲಿನ ಇನ್ನೊಂದು ಕಾಗದ, ಅದರಲ್ಲೂ ಅದೇ ನಾಲ್ಕನೆಯ ಸಾಲು.

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ, ಸ್ಟೆಪ್ನಿಯೂ ಸೇರಿ, ಐದು ಚಕ್ರವನ್ನೂ ಗೇಟಿನ ಮುಂದೆ ಹಾಕಿಸಿದೆ. ಐದರ ವಾಲ್ವನ್ನೂ ನಾನೇ ಬಿಚ್ಚಿ ಅಂಗಿ ಜೇಬಿಗೆ ಹಾಕಿದೆ. ಗಾಳಿ ಪೂರ್ತಿ ಹೋಗಿ ಟೈರ್ ಕುಸಿಯುವವರೆಗೆ ಕಾದೆ. ಹನ್ನೆರಡು ಹನ್ನೆರಡು ನಟ್ಟು ಬಿಚ್ಚಿ ಎರಡು ಭಾಗ ಮಾಡಿ, ಟೈರ್ ಬೇರೆ ಇಟ್ಟೆ. ಆಮೇಲೆ ಗ್ಯಾಸ್ ಕಟ್ಟರ್ ಹಚ್ಚಿ ಪ್ರತಿಯೊಂದು ಹೊರಭಾಗವನ್ನೂ ಎರಡೆರಡು ಕಡೆ ಕತ್ತರಿಸಿದೆ. ಬೆಸುಗೆ ಹಾಕಿದರೂ ಮತ್ತೆ ಗಾಳಿ ತಡೆಯಬಾರದು, ಅಷ್ಟು ಅಗಲಕ್ಕೆ. ಒಂದೂಕಾಲು ಗಂಟೆ ಹಿಡಿಯಿತು. ಕೈ ತೊಳೆದು ಮಾಲೀಕರಿಗೆ ಫೋನ್ ಮಾಡಿ ಹೇಳಿದೆ.

ಸಂಜೆಯೊಳಗೆ ಕಾರು ಬಂತು. ತಂದೆಯೂ ಇದ್ದರು. ಅದುವರೆಗೆ ಮಾಲೀಕರು ನನ್ನನ್ನು ನೀವು ಎಂದೇ ಕರೆಯುತ್ತಿದ್ದರು.

"ಯಾರ ಕೇಳಿ ಕಡ್ದೆ ನೀನು?"

"ಯಾರನ್ನೂ ಕೇಳಲಿಲ್ಲ ತಂಬಿ. ಕೇಳಿದ್ದರೆ ನೀನು ಬೇಡ ಅಂತಿದ್ದೆ."

"ಈ ಚಕ್ರ ಇನ್ನೆಲ್ಲಿ ಸಿಕ್ತದೆ?"

"ಸಿಗಬಾರದು."

"ಕೇಸ್ ಆಕ್ತೀನಿ ನಿನ್ ಮೇಲೆ."

"ಹಾಕು. ಆ ಕಾಗದದಲ್ಲಾದರೂ ನಡೆದದ್ದನ್ನ ನಡೆದ ಹಂಗೇ ಬರೀಲಿ."

ಮಾಲೀಕರು ಕತ್ತರಿಸಿದ ತುಂಡೊಂದನ್ನು ಎತ್ತಿ ನೆಲಕ್ಕೆ ಬಿಸಾಡಿದರು. ಕಾರಿನ ಬಾಗಿಲು ತೆರೆದು ಕೂತಿದ್ದ ತಂದೆ ಆ ಸದ್ದಿಗೆ ತಲೆಯೆತ್ತಿದರು.

"ಎಷ್ಟು ಚಕ್ರ ಕಡ್ದೆ ಮೇಸ್ತ್ರೀ?"

"ಐದೂ, ಅಯ್ಯಾ."

"ಹಂಗಾರೆ ಐದು ಚಕ್ರ ಆಕು. ಬಿರ್‍ನೆ ಆಕು. ನಂಗೆ ವಯಸ್ಸಾಯ್ತು."

ಮಾಲೀಕರು ಕಾರು ಹತ್ತಿದರು. ಶುಕ್ರವಾರ ಲಾರಿ ಬರಲಿಲ್ಲ.

ಹೊಸ ಚಕ್ರ ಸುಲಭವಾಗಿ ಕೂರಲಿಲ್ಲ. ನಾನು ಹಾಕಿಕೊಂಡ ನಿಯಮ ಒಂದೇ: ರಸ್ತೆ ಬದಿಯ ಯಾವ ಟೈರ್ ಅಂಗಡಿಯವರಾದರೂ ಯಾರನ್ನೂ ಏನೂ ಕೇಳದೆ ಬಿಚ್ಚುವಂತಿರಬೇಕು. ಸಾಮಾನು ಸಾಗಿಸುವ ಪಿಕಪ್ ವಂಡಿಗಳಿಗೆ ಹಾಕುವ ಒಂದೇ ತುಂಡಿನ ಚಕ್ರ ಆರಿಸಿದೆ, ಎಲ್ಲ ಊರಲ್ಲೂ ಸಿಗುತ್ತದೆ. ಅದರ ನಟ್ಟಿನ ತೂತುಗಳು ಟ್ರಕ್ಕಿನ ಹಬ್ಬಿಗೆ ಹೊಂದುವುದಿಲ್ಲ. ಮೊದಲು ನಡುವೆ ಒಂದು ಉಕ್ಕಿನ ಪ್ಲೇಟು ಮಾಡಿಸಿದೆ; ಪ್ಲೇಟು ಹಬ್ಬಿಗೆ, ಚಕ್ರ ಪ್ಲೇಟಿಗೆ. ಹಾಕಿ ಎದುರು ನಿಂತು ನೋಡಿದೆ. ಚಕ್ರ ಎರಡು ಬೆರಳು ಆಚೆ ಬಂದಿತ್ತು, ಅದನ್ನು ಸರಿಮಾಡಬಹುದಿತ್ತು. ಆದರೆ ಚಕ್ರ ಬಿಚ್ಚಿದರೆ ಒಳಗೆ ಮತ್ತೊಂದು ಸುತ್ತು ನಟ್ಟು ಕಾಣುತ್ತಿತ್ತು. ಎರಡು ಸುತ್ತು. ಪ್ಲೇಟನ್ನು ಆ ಮಧ್ಯಾಹ್ನವೇ ಗುಜರಿಗೆ ಹಾಕಿದೆ.

ಕೊನೆಗೆ ಹಬ್ಬುಗಳನ್ನೇ ಬದಲಿಸಿದೆ. ಪಿಕಪ್ಪಿನ ಹಬ್ಬು ಟ್ರಕ್ಕಿನ ಆಕ್ಸಲಿನ ಮೇಲೆ ಕೂರಬೇಕಾದರೆ ಬೇರಿಂಗಿನ ಒಳಗೆ ಒಂದು ತೋಳು, ಅಂದರೆ ಉಕ್ಕಿನ ಬಳೆಯಂಥ ಕೊಳವೆ, ಬೇಕು. ಪಕ್ಕದ ಬೀದಿಯ ಲೇತಿನಲ್ಲಿ ಕಡೆದ ಮೊದಲ ತೋಳುಗಳು ಕೂದಲೆಳೆಯಷ್ಟು ಬಿಗಿಯಾದವು. ಹತ್ತು ಕಿಲೋಮೀಟರ್ ಓಡಿಸುವಷ್ಟರಲ್ಲಿ ಹಬ್ಬು ಮುಟ್ಟಲಾಗದಷ್ಟು ಕಾದಿತು. ಎಲ್ಲವನ್ನೂ ಬಿಚ್ಚಿ ಹೊಸದಾಗಿ ಮಾಡಿಸಿದೆ. ಲೇತಿನವರು "ಮೇಸ್ತ್ರೀ, ಇದು ವಂಡಿನಾ ಇಲ್ಲ ಕೋಯಿಲ್ ಗೋಪುರಾನಾ, ಮುಗಿಯಾದೇ ಇಲ್ವಲ್ಲ" ಎಂದು ನಕ್ಕರು. ಎರಡನೆಯ ಸಲ ನಲವತ್ತು ಕಿಲೋಮೀಟರ್ ಓಡಿಸಿ ಹಬ್ಬಿನ ಮೇಲೆ ಅಂಗೈ ಇಟ್ಟುಕೊಂಡು ನಿಧಾನವಾಗಿ ನೂರು ಎಣಿಸಿದೆ. ಕೈ ತೆಗೆಯಬೇಕಾಗಲಿಲ್ಲ.

ಪ್ರದರ್ಶನದ ದಿನ ಟ್ರಕ್ಕಿನ ಪಕ್ಕ ಒಂದು ಗೋಣಿ ಹಾಸಿ, ಅದರ ಮೇಲೆ ಕತ್ತರಿಸಿದ ಹಳೆಯ ಹೊರಭಾಗವೊಂದನ್ನು ಅದರ ನಟ್ಟುಗಳೊಡನೆ ಇಟ್ಟೆ. ಹನ್ನೆರಡರಲ್ಲಿ ಆರನ್ನು ಥಿನ್ನರ್ ಹಾಕಿ ಒರೆಸಿದ್ದೆ. ಹಸಿರು ಹೋಗಿ ಅಡಿಯ ಕೆಂಪು ಕಾಣುತ್ತಿತ್ತು. ಉಳಿದ ಆರು ನಾನು ಹೊಡೆಸಿದ ಹಸಿರಿನಲ್ಲೇ ಇದ್ದವು. ಅಂಕ ಹಾಕುವವರು ಬಂದು ಚಕ್ರ ನೋಡಿದರು.

"ಒರಿಜಿನಲ್ ಎಲ್ಲಿ?"

"ಇಲ್ಲಿ."

"ಯಾರಿದನ್ನ ಹಾಳು ಮಾಡಿದ್ದು?"

"ಕತ್ತರಿಸಿದ್ದೂ ನಾನೇ, ಅದಕ್ಕೆ ಮೊದಲು ಬಣ್ಣ ಹೊಡೆಸಿ ಹಾಳು ಮಾಡಿದ್ದೂ ನಾನೇ. ಯಾವುದನ್ನ ಕೇಳ್ತಾ ಇದ್ದೀರಿ?"

ಅವರು ಬರೆದುಕೊಂಡರು. ಚಕ್ರ ಮೂಲದ್ದಲ್ಲವಾದ್ದರಿಂದ ಸೈನ್ಯದ ವಾಹನಗಳ ಸಾಲಿನಿಂದಲೇ ನಮ್ಮ ಟ್ರಕ್ಕನ್ನು ತೆಗೆದರು. ಅವರ ನಿಯಮ ಅದು, ಅವರು ಪಾಲಿಸಿದರು. ಮಾಲೀಕರು ದೂರ ನಿಂತು ಫೋನ್ ನೋಡುತ್ತಿದ್ದರು. ಅವತ್ತಿನಿಂದ ಇವತ್ತಿನವರೆಗೆ ಬೇರೆ ಯಾವ ವಂಡಿಯನ್ನೂ ನನ್ನ ಹತ್ತಿರ ತಂದಿಲ್ಲ. ಆದರೆ ಈ ಟ್ರಕ್ಕು ಆ ಚಕ್ರಗಳ ಮೇಲೇ ಓಡುತ್ತಿದೆ.

ಮರುದಿನ ಸೋಮವಾರ ಅದನ್ನು ಧಾರಾಪುರಂಗೆ ಮುಟ್ಟಿಸಲು ಹೊರಟೆ. ತಂದೆ ಪಕ್ಕದ ಸೀಟಿನಲ್ಲಿ. ಬೇವಿನ ಮರದ ಕೆಳಗೆ ನಿಲ್ಲಿಸಿದಾಗ ನಾಲ್ಕಕ್ಕೆ ಇನ್ನೂ ಐದು ನಿಮಿಷವಿತ್ತು. ಮೂರು ಲಾರಿ ಟೀಗೆ ನಿಂತಿದ್ದವು. ಆ ಹೊತ್ತಿಗೆ ಅಲ್ಲಿ ಲಾರಿಗಳು ನಿಲ್ಲುತ್ತವೆಂದು ತಿಳಿದೇ ಹೊರಟಿದ್ದೆ.

ಟೈರ್‌ನವರು ಬೆಂಚಿನ ಮೇಲೆ ಕೂತಿದ್ದರು. ಖಾಲಿ ತೋಳಿನ ಶರಟನ್ನು ಮಡಚಿ ಪಿನ್ನು ಹಾಕಿತ್ತು. ಟ್ರಕ್ಕನ್ನು ನೋಡಿದರು, ಎದ್ದು ಹೋಗಲಿಲ್ಲ.

"ಹಿಂದಿನ ಎಡ ಚಕ್ರ ಬಿಚ್ಚಿ ಕೊಡಬೇಕು ಅಣ್ಣಾ" ಎಂದೆ.

"ಪಂಚರಾ?"

"ಇಲ್ಲ. ನೀವು ಬಿಚ್ಚಬೇಕು, ನಾನು ನೋಡಬೇಕು."

ಒಬ್ಬ ಲಾರಿ ಡ್ರೈವರ್ ಬೆಂಚಿನಿಂದಲೇ ಕೂಗಿದ: "ಏನುಂಗಣ್ಣಾ, ಮಿಕ್ಕ ಇನ್ನೊಂದು ಕೈಯನ್ನೂ ಕೊಡ್ತೀರಾ?"

ಟೈರ್‌ನವರ ಹೆಂಡತಿ ಟೀ ಪಾತ್ರೆಯನ್ನು ಒಲೆಯ ಮೇಲೆ ಕುಕ್ಕಿದರು. ಟೈರ್‌ನವರು ಮಾತ್ರ ನಕ್ಕರು. "ಎಡಗೈಲಿ ಅನ್ನ ಕಲಸೋದು ಕಲ್ತೆ, ಮೀಸೆ ಕತ್ತರಿಸೋದು ಕಲ್ತೆ. ನಟ್ಟು ಯಾವ ಲೆಕ್ಕ."

"ಲೋಟ ತೊಳೆಯೋದು ಮಾತ್ರ ಆ ಕೈಗೆ ಇನ್ನೂ ಬಂದಿಲ್ಲ" ಎಂದರು ಹೆಂಡತಿ.

ಅವರು ಎದ್ದರು. ಗೋಣಿ ತೆಗೆದರು, ಜ್ಯಾಕನ್ನು ಕಾಲಿನಿಂದ ತಳ್ಳಿಕೊಂಡು ಬಂದರು. ಚಕ್ರದ ಎದುರಿಗೆ ಕೂರಲಿಲ್ಲ, ಪಕ್ಕಕ್ಕೆ ಕೂತರು. ಒಂದು ಸಲ ಇಡೀ ಚಕ್ರದ ಮೇಲೆ ಕೈಯಾಡಿಸಿದರು. ಆಮೇಲೆ ತಿರುಗಿ ನನ್ನನ್ನು ನೋಡಿದರು. ನಾನು ಅದೇ ಜಾಗದಲ್ಲಿ ನಿಂತಿದ್ದೆ, ಹತ್ತು ಅಡಿ ಮೂರು ಅಂಗುಲ. ಕೈಯಲ್ಲಿ ಲೋಟವಿರಲಿಲ್ಲ.

"ಅಣ್ಣಾ, ಬೇರೆ ನಟ್ಟು ಏನಾದರೂ ಇದೆಯಾ?"

"ಇಲ್ಲ ಅಣ್ಣಾ. ಆರೇ. ಒಳಗೂ ಇಲ್ಲ, ಹಿಂದೂ ಇಲ್ಲ. ನಾನೇ ಬಿಚ್ಚಿ ನೋಡಿದೀನಿ."

ಆಮೇಲೆ ಲಾರಿಯವರ ಕಡೆ ತಿರುಗಿ, ಅವರಿಗೆ ಕೇಳುವ ಹಾಗೆ ತಮಿಳಿನಲ್ಲಿ ಹೇಳಿದೆ. ಅವತ್ತು ಇವರು ಕೇಳಿದರು. ಬಿಚ್ಚಿ ಎಂದವನು ನಾನು. ಕೆಂಪು ಗುರುತನ್ನು ಮುಚ್ಚಿಸಿದವನೂ ನಾನು. ಇವರು ಯಾವ ತಪ್ಪನ್ನೂ ಮಾಡಲಿಲ್ಲ.

ಟೈರ್‌ನವರು ಮೊದಲು ವಾಲ್ವ್ ಬಿಚ್ಚಿ ಗಾಳಿಯನ್ನೆಲ್ಲ ಬಿಟ್ಟರು. ಒಂದೇ ತುಂಡಿನ ಚಕ್ರಕ್ಕೆ ಅದು ಬೇಕಿರಲಿಲ್ಲ. ವಾಲ್ವನ್ನು ಅಂಗಿ ಜೇಬಿಗೆ ಹಾಕಿಕೊಂಡರು. ಸೀಟಿನಲ್ಲಿದ್ದ ತಂದೆಗೆ ಗಾಳಿ ಹೋಗುವ ಸದ್ದು ಕೇಳಿತು. "ಜೋಬಿಗೆ ಆಕಿದ್ನಾ?" ಎಂದರು. "ಹಾಕಿದ್ರು ಅಯ್ಯಾ" ಎಂದೆ.

ಸ್ಪ್ಯಾನರನ್ನು ನಟ್ಟಿಗೆ ಕೂರಿಸಿ, ಪಾದದಿಂದ ಮೆಟ್ಟಿ ಸಡಿಲಿಸಿದರು. ಉಳಿದದ್ದನ್ನು ಎಡಗೈಯಲ್ಲಿ ತಿರುಗಿಸಿದರು. ಆರು ನಟ್ಟು. ಚಕ್ರ ಹಬ್ಬಿಗೆ ಅಂಟಿರಲಿಲ್ಲ. ಕೂರುವ ಜಾಗಕ್ಕೆ ಈ ಸಲ ಪೇಂಟು ಇಳಿಯದ ಹಾಗೆ ತೆಳುವಾಗಿ ಗ್ರೀಸ್ ಸವರಿದ್ದೆ. ಮೊಣಕಾಲು ಕೊಟ್ಟು ಇಳಿಸಿದರು, ಉರುಳಿಸಿಕೊಂಡು ಹೋಗಿ ಮರಕ್ಕೆ ಒರಗಿಸಿದರು, ಮತ್ತೆ ಉರುಳಿಸಿಕೊಂಡು ಬಂದು ಹಾಕಿ, ಗಾಳಿ ತುಂಬಿದರು. ಇಪ್ಪತ್ತೆರಡು ನಿಮಿಷ. ಯಾರೂ ಕೈ ಹಾಕಲಿಲ್ಲ.

ಕೂಗಿದ್ದ ಡ್ರೈವರ್ ಎದ್ದು ಬಂದು ಜ್ಯಾಕನ್ನು ಎಳೆದು ಕೊಟ್ಟ. "ಅಣ್ಣಾ, ನಂದು ಒಂದು ಸ್ಟೆಪ್ನಿ ಗಾಳಿ ನಿಲ್ತಾ ಇಲ್ಲ, ನೋಡ್ತೀರಾ" ಎಂದ.

"ಲಾಕ್ ರಿಂಗಾ?"

"ರಿಂಗೇ."

"ಇಳಿಸು. ಕಬ್ಬಿಣದ ಪಂಜರದೊಳಗಿಟ್ಟೇ ಗಾಳಿ ತುಂಬೋದು. ಅವಸರ ಇದ್ರೆ ಮುಂದಿನ ಅಂಗಡಿಗೆ ಹೋಗು."

"ಅವಸರ ಇಲ್ಲ" ಎಂದು ಅವನು ಸ್ಟೆಪ್ನಿ ಇಳಿಸಿದ.

ಇದುವರೆಗೆ ನಾನು ಯಾರ ಹೆಸರನ್ನೂ ಬರೆಯಲಿಲ್ಲ. ಸಾಕ್ಷಿಗೆ ಹೆಸರು ಬೇಕಾಗುತ್ತದೆ. ಮೊದಲ ಸೋಮವಾರ ನಡೆದದ್ದನ್ನು ಠಾಣೆಯಲ್ಲಿ ಬರೆದವರು ನೋಡಿಲ್ಲ, ಮಾಲೀಕರು ನೋಡಿಲ್ಲ, ಅಂಕ ಹಾಕಿದವರು ನೋಡಿಲ್ಲ. ಅಲ್ಲಿದ್ದವರು ನಾಲ್ವರು. ಟ್ರಕ್ಕಿನಲ್ಲಿದ್ದ ತಂದೆ, ರಂಗಯ್ಯನವರು, ಕಳೆದ ಆಡಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ತೀರಿಕೊಂಡರು. ಕೊನೆಯ ವಾರದವರೆಗೂ ಆ ಟ್ರಕ್ಕಿನಲ್ಲಿ ತೋಟಕ್ಕೆ ಹೋಗಿ ಬರುತ್ತಿದ್ದರು. ಉಳಿದ ಮೂವರು ಬದುಕಿದ್ದೇವೆ. ಬಿಚ್ಚಬೇಕಾ ಎಂದು ಕೇಳಿದ ಟೈರ್ ಅಂಗಡಿಯ ಆರುಮುಗಂ. ಒಲೆಯ ಹತ್ತಿರ ನಿಂತು ನನ್ನ ಉತ್ತರವನ್ನು ಕೇಳಿಸಿಕೊಂಡ ಅವರ ಹೆಂಡತಿ ಈಶ್ವರಿ. ಮತ್ತು ಬಿಚ್ಚಿ ಎಂದು ಹೇಳಿದ ನಾನು, ತುಡಿಯಲೂರಿನ ಮೇಸ್ತ್ರಿ ನಂಜಪ್ಪ.